ಗೊಂಬೆಯ ವಾನಪ್ರಸ್ಥ

‘ಟಾಯ್ ಸ್ಟೋರಿ 3’ 2010ರಲ್ಲಿ ತೆರೆಕಂಡಾಗ ಕಥೆ ಅಲ್ಲಿಗೆ ಮುಗಿಯಿತೆಂದೇ ಬಹುಪಾಲು ಪ್ರೇಕ್ಷಕರು ನಂಬಿದ್ದರು. ಪಿಕ್ಸಾರ್ 1995ರಲ್ಲಿ ತಯಾರಿಸಿದ ಮೊದಲ ಭಾಗ, ಪೂರ್ತಿಯಾಗಿ ಕಂಪ್ಯೂಟರಿನಲ್ಲಿಯೇ ರೂಪುಗೊಂಡ ಜಗತ್ತಿನ ಮೊದಲ ಪೂರ್ಣಾವಧಿ ಚಿತ್ರ. ಅದನ್ನು ಚಿಕ್ಕವರಾಗಿ ನೋಡಿದವರು ಮೂರನೆಯದು ಬರುವ ಹೊತ್ತಿಗೆ ಕಥೆಯಲ್ಲಿ ಗೊಂಬೆಗಳ ಒಡೆಯನಾದ ಆಂಡಿ ಎಂಬ ಹುಡುಗನ ಹಾಗೆಯೇ ಬೆಳೆದು ದೊಡ್ಡವರಾಗಿದ್ದರು. ಕಾಲೇಜಿಗೆ ಹೊರಟ ಆಂಡಿ ತನ್ನ ಗೊಂಬೆಗಳನ್ನೆಲ್ಲ ಬಾನಿ ಎಂಬ ಪುಟ್ಟ ಹುಡುಗಿಯ ಕೈಗಿಟ್ಟು ಹೊರಟುಹೋಗುತ್ತಾನೆ. ಇದಕ್ಕಿಂತ ತೃಪ್ತಿಕರವಾದ ಮುಕ್ತಾಯ ಇನ್ನೇನಿದ್ದೀತು ಎಂಬ ಭಾವ ಎಲ್ಲೆಡೆ ಇತ್ತು. ಒಂಬತ್ತು ವರ್ಷಗಳ ನಂತರ, 2019ರಲ್ಲಿ ನಾಲ್ಕನೆಯ ಭಾಗ ಬಂತು. ವಿಮರ್ಶಕರು ಮೆಚ್ಚಿದರು, ಗಳಿಕೆ ನೂರು ಕೋಟಿ ಡಾಲರ್ ದಾಟಿತು, ಅತ್ಯುತ್ತಮ ಆ್ಯನಿಮೇಷನ್ ಚಿತ್ರಕ್ಕಿರುವ ಆಸ್ಕರ್ ಕೂಡ ಬಂತು. ಆದರೂ ಈ ಸರಣಿಯನ್ನು ಎದೆಗಪ್ಪಿಕೊಂಡವರಲ್ಲೇ ಅನೇಕರು ಅದನ್ನು ಇಂದಿಗೂ ಒಪ್ಪಿಕೊಂಡಿಲ್ಲ. ಕಥಾನಾಯಕನಾದ ಗೊಂಬೆ ವುಡಿ ಕೊನೆಗೆ ತನ್ನ ಮಗುವನ್ನು ಬಿಟ್ಟು ಹೊರಟುಹೋದ ಎಂಬುದು ಅವರ ದೂರು. ಅಭಿಮಾನಿಗಳ ಹಟವೆಂದು ಇದನ್ನು ತಳ್ಳಿಹಾಕುವುದು ಸುಲಭ, ಆದರೆ ಸರಿಯಲ್ಲ. ಯಾರಿಗಾಗಿ ಬದುಕಿದೆವೋ ಅವರಿಗೆ ನಾವು ಬೇಡವಾದ ಮೇಲೆ ನಮ್ಮ ಕರ್ತವ್ಯ ಏನಾಗುತ್ತದೆ ಎಂಬ ಬಹಳ ಹಳೆಯ ಧರ್ಮಪ್ರಶ್ನೆ ಆ ದೂರಿನ ಒಳಗಿದೆ.

ದೂರಿನ ಬಲ ಎಷ್ಟೆಂದು ಮೊದಲು ನೋಡಬೇಕು. ಮೂರನೆಯ ಚಿತ್ರದ ಕೊನೆಯಲ್ಲಿ ಆಂಡಿ ಒಂದೊಂದೇ ಗೊಂಬೆಯನ್ನು ಬಾನಿಗೆ ಪರಿಚಯಿಸುತ್ತಾನೆ. ಪೆಟ್ಟಿಗೆಯ ತಳದಲ್ಲಿ ವುಡಿ ಕಾಣಿಸುತ್ತಾನೆ. ಬಾನಿ ಕೈಚಾಚಿದಾಗ ಆಂಡಿ ತನಗೇ ಅರಿವಿಲ್ಲದಂತೆ ವುಡಿಯನ್ನು ಹಿಂದಕ್ಕೆ ಎಳೆದುಕೊಳ್ಳುತ್ತಾನೆ. ಆಮೇಲೆ ಸಾವರಿಸಿಕೊಂಡು, ಇವನು ಎಂಥ ಸಂದರ್ಭದಲ್ಲೂ ನಿನ್ನ ಕೈಬಿಡುವವನಲ್ಲ ಎಂಬ ಅರ್ಥದ ಮಾತು ಹೇಳಿ ಕೊಡುತ್ತಾನೆ. ಮೂರು ಚಿತ್ರಗಳು ಹದಿನೈದು ವರ್ಷಗಳಲ್ಲಿ ಕಟ್ಟಿದ ವುಡಿಯ ಶೀಲವೆಲ್ಲ ಆ ಒಂದು ಮಾತಿನಲ್ಲಿದೆ. ಅಂಥ ವುಡಿ ನಾಲ್ಕನೆಯ ಚಿತ್ರದಲ್ಲಿ ಬಾನಿಯ ಬಳಿಗೆ ಮರಳದೆ, ಹಳೆಯ ಗೆಳತಿ ಗೊಂಬೆ ಬೋ ಪೀಪ್ ಜೊತೆಗೆ ಉಳಿದುಬಿಡುತ್ತಾನೆ. ಹಾಗಾದರೆ ಆಂಡಿ ಕೊಟ್ಟ ಭರವಸೆ ಸುಳ್ಳಾಯಿತಲ್ಲವೇ? ಆ ಮಾತು ಕೇಳಿ ಕಣ್ಣೊರೆಸಿಕೊಂಡ ನಮಗೆ ಮೋಸವಾಯಿತಲ್ಲವೇ? ಈ ಪ್ರಶ್ನೆಗೆ ನೇರವಾದ ಉತ್ತರ ಕೊಡದೆ ನಾಲ್ಕನೆಯ ಚಿತ್ರವನ್ನು ಸಮರ್ಥಿಸಲಾಗದು.

ಉತ್ತರ ಚಿತ್ರದೊಳಗೇ ಇದೆ. ಅದರ ಆರಂಭದಲ್ಲಿ ಬಾನಿ ಆಟಕ್ಕೆ ಗೊಂಬೆಗಳನ್ನು ಆರಿಸಿಕೊಳ್ಳುವಾಗ ವುಡಿಯನ್ನು ಕಪಾಟಿನಲ್ಲೇ ಬಿಡುತ್ತಾಳೆ. ಅವನ ಎದೆಯ ಮೇಲಿನ ಷರೀಫನ ಬಿಲ್ಲೆಯನ್ನು ಕಿತ್ತು ಜೆಸ್ಸಿ ಎಂಬ ಗೊಂಬೆಗೆ ಸಿಕ್ಕಿಸುತ್ತಾಳೆ. ವುಡಿಯ ಮೈಗೆ ಧೂಳು ಮೆತ್ತಿದೆ. ಆದರೂ ಅವನು ಸುಮ್ಮನಿರಲಾರ. ಉಳಿದವರು ಬೇಡವೆಂದರೂ ಬಾನಿಯ ಬ್ಯಾಗಿನೊಳಗೆ ಅಡಗಿ ಶಾಲೆಗೆ ಹೋಗುತ್ತಾನೆ. ಅವಳು ಅಳುತ್ತಿರುವಾಗ ಕಸದ ಬುಟ್ಟಿಯಿಂದ ಸಾಮಾನು ತಂದು ಮೇಜಿನ ಮೇಲಿಡುತ್ತಾನೆ. ಅದರಿಂದ ಅವಳು ಮಾಡುವ ಗೊಂಬೆಯೇ ಫೋರ್ಕಿ. ತಾನು ಕಸವೆಂದೇ ನಂಬಿರುವ ಫೋರ್ಕಿ ಮತ್ತೆಮತ್ತೆ ಕಸದ ಬುಟ್ಟಿಗೆ ಹಾರುತ್ತದೆ, ವುಡಿ ನಿದ್ದೆಗೆಟ್ಟು ಅದನ್ನು ಎತ್ತಿ ತರುತ್ತಾನೆ. ನೋಡುವವರಿಗೆ ಇದು ನಿಷ್ಠೆಯಂತೆ ಕಾಣುತ್ತದೆ. ಆದರೆ ಇದೆಲ್ಲ ಯಾಕೆ ಎಂದು ಬೋ ಕೇಳಿದಾಗ, ತನಗೆ ಮಾಡಲು ಉಳಿದಿರುವುದು ಇದೊಂದೇ ಎಂದು ವುಡಿ ಒಪ್ಪಿಕೊಳ್ಳುತ್ತಾನೆ. ಇಡೀ ಚಿತ್ರದ ತಿರುಳು ಇರುವುದು ಇಲ್ಲಿ. ಮಗುವಿಗೆ ಬೇಕಾದದ್ದನ್ನು ಮಾಡುವುದು ಸೇವೆ. ತಾನು ಬೇಕಾದವನಾಗಿಯೇ ಉಳಿಯಬೇಕೆಂದು ಕೆಲಸ ಹುಡುಕಿಕೊಳ್ಳುವುದು ಭಯ. ಹೊರಗಿನಿಂದ ಎರಡೂ ಒಂದೇ ರೀತಿ ಕಾಣುತ್ತವೆ. ಇಳಿವಯಸ್ಸಿನ ತಂದೆತಾಯಿ, ನಿವೃತ್ತಿ ಹತ್ತಿರವಾದ ಅಧಿಕಾರಿ, ಕುರ್ಚಿ ಬಿಡಲಾರದ ನಾಯಕ, ಇವರೆಲ್ಲರೂ ಸೇವೆಯ ಹೆಸರಿನಲ್ಲಿ ಈ ಭಯಕ್ಕೆ ಸಿಕ್ಕಿಬೀಳಬಲ್ಲರು.

ಇಲ್ಲೊಂದು ಗಟ್ಟಿಯಾದ ಆಕ್ಷೇಪ ಬರುತ್ತದೆ. ಫಲ ಬಯಸದೆ ಕರ್ಮ ಮಾಡು ಎಂದಲ್ಲವೇ ಗೀತೆಯ ಬೋಧನೆ? ಹಾಗಿದ್ದರೆ ಮಗು ಆಡಲಿ ಬಿಡಲಿ, ಕಪಾಟಿನ ಕತ್ತಲೆಯಲ್ಲೇ ಸಮಾಧಾನದಿಂದ ಕಾಯುವುದು ವುಡಿಗೆ ತಕ್ಕ ನಿಷ್ಕಾಮ ಧರ್ಮವಾಗಿತ್ತು, ಹೊರಟದ್ದು ಸ್ವಸುಖದ ಆಯ್ಕೆ ಎಂದು ಯಾರಾದರೂ ವಾದಿಸಬಹುದು. ಆದರೆ ಫಲದ ಆಸೆ ಬಿಡುವುದೆಂದರೆ ಸ್ಥಾನಕ್ಕೆ ಅಂಟಿಕೊಳ್ಳುವುದಲ್ಲ. ಕೆಲಸವೇ ಇಲ್ಲದ ಕಡೆ ಸ್ಥಾನವನ್ನು ಹಿಡಿದು ಕೂರುವುದೂ ಒಂದು ಆಸೆಯೇ. ಕರ್ತವ್ಯಕ್ಕೂ ಕಾಲವಿದೆ ಎಂದು ನಮ್ಮ ಆಶ್ರಮ ವ್ಯವಸ್ಥೆಯೇ ಒಪ್ಪಿದೆ. ಮೈ ಸುಕ್ಕಾಗಿ, ತಲೆ ನರೆತು, ಮಗನ ಮಗನನ್ನು ಕಂಡ ಗೃಹಸ್ಥ ಕಾಡಿನ ದಾರಿ ಹಿಡಿಯಬೇಕೆಂದು ಮನುಸ್ಮೃತಿ ಹೇಳುತ್ತದೆ. ಅದೇ ಗ್ರಂಥದ ಬಹಳಷ್ಟು ಮಾತುಗಳನ್ನು ಇಂದು ಒಪ್ಪಲಾಗದು. ಆದರೆ ಹೊಣೆ ಹೊತ್ತವನು ಅದನ್ನು ಮುಂದಿನವರಿಗೆ ವಹಿಸಿ ಸರಿದು ನಿಲ್ಲುವುದು ಧರ್ಮದ ಭಂಗವಲ್ಲ, ಅದರ ಮುಂದಿನ ಹಂತ ಎಂಬ ಈ ಒಂದು ಕಾಣ್ಕೆ ಇಂದಿಗೂ ನಿಲ್ಲುವಂಥದ್ದು. ವುಡಿ ಮಾಡುವುದು ಅದನ್ನೇ. ಫೋರ್ಕಿ ಬಾನಿಯ ಕೈಸೇರುವಂತೆ ನೋಡಿಕೊಳ್ಳುತ್ತಾನೆ, ತನ್ನ ಬಿಲ್ಲೆಯನ್ನು ತಾನೇ ಜೆಸ್ಸಿಗೆ ಕೊಡುತ್ತಾನೆ, ಬಾನಿಗೆ ಏನೂ ಕೊರತೆಯಾಗದೆಂದು ಗೆಳೆಯ ಬಜ್‌ನ ಮಾತಿನಿಂದ ಮನಗಾಣುತ್ತಾನೆ, ಆಮೇಲಷ್ಟೇ ಹಿಂದೆ ಉಳಿಯುತ್ತಾನೆ. ಚಿತ್ರ ಮುಗಿದು ಹೆಸರುಗಳು ಬರುವಾಗ ಅವನೂ ಬೋ ಕೂಡ ಜಾತ್ರೆಯ ಅಂಗಡಿಗಳಲ್ಲಿ ಸಿಕ್ಕಿಕೊಂಡ ಗೊಂಬೆಗಳನ್ನು ಮಕ್ಕಳ ಕೈಗೆ ತಲುಪಿಸುತ್ತಿರುತ್ತಾರೆ. ಒಬ್ಬಳಿಗಾಗಿ ಇದ್ದ ಕಾಳಜಿ ಯಾವ ಮಗುವಿಗಾದರೂ ಸಲ್ಲುವಷ್ಟು ಅಗಲವಾಗಿದೆ. ಕೈಬಿಡದವನು ಎಂದು ಆಂಡಿ ಹೇಳಿದ ಮಾತು ಸುಳ್ಳಾಗಿಲ್ಲ, ಅದರ ವ್ಯಾಪ್ತಿ ಹಿಗ್ಗಿದೆ.

ಇನ್ನು ಕೆಲವರ ವಾದ ಬೇರೆ. ಬಾನಿ ವುಡಿಯನ್ನು ಮೂಲೆಗೆ ಸರಿಸುವುದನ್ನು ತೋರಿಸಿ ನಾಲ್ಕನೆಯ ಚಿತ್ರ ಮೂರನೆಯದರ ಮುಕ್ತಾಯವನ್ನೇ ಕೆಡಿಸಿತು, ಆಂಡಿಯ ತ್ಯಾಗ ವ್ಯರ್ಥವಾಯಿತು ಎನ್ನುತ್ತಾರೆ. ದಾನದ ಬೆಲೆ ಅದರ ಮುಂದಿನ ಫಲದಲ್ಲಿದೆ ಎಂದುಕೊಂಡರೆ ಮಾತ್ರ ಈ ವಾದ ನಿಲ್ಲುತ್ತದೆ. ಆದರೆ ಕೊಟ್ಟ ಮೇಲೆ ಕೊಟ್ಟವನಿಗೆ ವಸ್ತುವಿನ ಮೇಲೆ ಹಕ್ಕಿಲ್ಲ. ತೆಗೆದುಕೊಂಡವರು ಅದನ್ನು ಹೇಗೆ ಬಳಸಿದರು ಎಂಬುದರಿಂದ ಕೊಟ್ಟ ಗಳಿಗೆಯ ಒಳ್ಳೆಯತನ ಕರಗುವುದೂ ಇಲ್ಲ. ನಾಲ್ಕನೆಯ ಚಿತ್ರವೇ ಇದನ್ನು ಇನ್ನೊಂದು ಕಡೆ ತೋರಿಸಿದೆ. ದನಿಯಂತ್ರ ಕೆಟ್ಟು ಹಳೆಯ ವಸ್ತುಗಳ ಅಂಗಡಿಯಲ್ಲಿ ಕುಳಿತ ಗ್ಯಾಬಿ ಗ್ಯಾಬಿ ಎಂಬ ಗೊಂಬೆಗೆ ವುಡಿ ತನ್ನೊಳಗಿನ ಯಂತ್ರವನ್ನು ತೆಗೆದುಕೊಡುತ್ತಾನೆ. ಸರಿಯಾದ ದನಿ ಬಂದ ಮೇಲೂ ಅವಳು ಆಸೆಪಟ್ಟ ಹುಡುಗಿ ಅವಳನ್ನು ತೆಗೆದು ಬಿಸಾಡುತ್ತಾಳೆ. ಹಾಗೆಂದು ವುಡಿ ಕೊಟ್ಟದ್ದು ತಪ್ಪೇ? ಅವನಿಗೆ ಹಾಗನ್ನಿಸುವುದಿಲ್ಲ, ಮತ್ತೆ ಅವಳ ನೆರವಿಗೆ ನಿಲ್ಲುತ್ತಾನೆ. ಮೂರನೆಯ ಚಿತ್ರ ನೋಡಿ ಬಂದ ಕಣ್ಣೀರಿಗೂ ಇದೇ ಮಾತು ಸಲ್ಲುತ್ತದೆ. ಮುಂದೆ ಬಂದ ಯಾವ ಭಾಗಕ್ಕೂ ಅದನ್ನು ಅಳಿಸುವ ಶಕ್ತಿಯಿಲ್ಲ.

ಹಾಗಾದರೆ ಒಳ್ಳೆಯ ಕಡೆ ನಿಂತ ಕಥೆಯನ್ನು ಅಲ್ಲಿಯೇ ಬಿಡಬೇಕೆಂಬ ಬಯಕೆ ಎಂಥದ್ದು? ಅದು ಸಿನಿಮಾಕ್ಕಷ್ಟೇ ಸೇರಿದ್ದಲ್ಲ. ಶ್ರೀರಾಮ ಪಟ್ಟಾಭಿಷೇಕಕ್ಕೆ ಪಾರಾಯಣ ಮುಗಿಸಿ ಉತ್ತರಕಾಂಡವನ್ನು ಓದದಿರುವ ರೂಢಿ ನಮ್ಮಲ್ಲಿ ಅನೇಕರಿಗಿದೆ. ಉತ್ತರಕಾಂಡ ಆಮೇಲೆ ಸೇರಿದ್ದೆಂದು ಬಹುಮಂದಿ ವಿದ್ವಾಂಸರ ಅಭಿಪ್ರಾಯ. ಆದರೂ ಕನ್ನಡಿಗರು ಲಕ್ಷ್ಮೀಶನ ಜೈಮಿನಿ ಭಾರತದ ಸೀತಾ ಪರಿತ್ಯಾಗವನ್ನು ಕೇಳಿ ಮರುಗುವುದನ್ನು ಬಿಟ್ಟಿಲ್ಲ. ಪಟ್ಟಾಭಿಷೇಕದ ತೃಪ್ತಿ ಎಷ್ಟು ನಿಜವೋ, ಸೀತೆಗೆ ಆಮೇಲೆ ಏನಾಯಿತು ಎಂಬ ಪ್ರಶ್ನೆಯೂ ಅಷ್ಟೇ ನಿಜ. ‘ಟಾಯ್ ಸ್ಟೋರಿ’ ಸರಣಿಯಂತೂ 1999ರ ಎರಡನೆಯ ಭಾಗದಲ್ಲೇ ಈ ಬಯಕೆಯನ್ನು ಪರೀಕ್ಷಿಸಿತ್ತು. ಯಾವ ಮಗುವೂ ಪೆಟ್ಟಿಗೆಯಿಂದ ಎಂದೂ ಹೊರತೆಗೆಯದ ಸ್ಟಿಂಕಿ ಪೀಟ್ ಎಂಬ ಗೊಂಬೆ ಅಲ್ಲಿ ವುಡಿಯನ್ನು ಜಪಾನಿನ ವಸ್ತುಸಂಗ್ರಹಾಲಯಕ್ಕೆ ಕರೆಯುತ್ತದೆ. ಗಾಜಿನ ಹಿಂದೆ ಎಂದಿಗೂ ಹರಿಯದೆ, ಮುರಿಯದೆ, ಮಾಸದೆ ಇರಬಹುದು. ವುಡಿ ಒಲ್ಲೆನೆನ್ನುತ್ತಾನೆ, ಆಂಡಿ ಬೆಳೆದು ತನ್ನನ್ನು ಬಿಡುವನೆಂದು ಗೊತ್ತಿದ್ದೂ ಅವನ ಬಳಿಗೆ ಮರಳುತ್ತಾನೆ. ಆ ಆಯ್ಕೆಗೆ ತಲೆದೂಗಿದ ನಾವು ಕಥೆಯನ್ನು ಮಾತ್ರ 2010ರ ಗಾಜಿನ ಹಿಂದೆ ಇಡಬೇಕೆಂದು ಕೇಳಿದರೆ, ವುಡಿ ಒಲ್ಲೆನೆಂದದ್ದನ್ನೇ ನಾವು ಬೇಡಿದಂತಾಗುತ್ತದೆ.

ಇದನ್ನೆಲ್ಲ ಮಾಡಿಸಿದ್ದು ಹಣ, ತತ್ತ್ವವಲ್ಲ ಎಂಬ ಕೊನೆಯ ಆಕ್ಷೇಪವನ್ನು ಪೂರ್ತಿ ಅಲ್ಲಗಳೆಯಲಾಗದು. ಡಿಸ್ನಿಗೆ ಲಾಭದ ಲೆಕ್ಕವಿತ್ತು, 2023ರಲ್ಲಿ ಐದನೆಯ ಭಾಗವನ್ನು ಘೋಷಿಸಿದಾಗಲೂ ಇತ್ತು. ನಾಲ್ಕನೆಯ ಚಿತ್ರದಲ್ಲಿ ಕೊರತೆಗಳೂ ಇವೆ. ವುಡಿಯ ಸರಿಸಮಾನ ಗೆಳೆಯನಾಗಿದ್ದ ಬಜ್ ತನ್ನ ಎದೆಯ ಗುಂಡಿ ಒತ್ತಿ, ಬರುವ ದನಿಯನ್ನೇ ಅಂತರಂಗವೆಂದು ನಂಬುವ ಮಟ್ಟಕ್ಕೆ ಇಳಿದಿದ್ದಾನೆ. ಹಳೆಯ ಗೊಂಬೆಗಳಲ್ಲಿ ಅನೇಕಕ್ಕೆ ಕೆಲಸವೇ ಇಲ್ಲ. ಆ ಬೇಸರ ನ್ಯಾಯವಾದದ್ದು. ಆದರೆ ಮಾಡಿಸಿದವರ ಉದ್ದೇಶ ಕೃತಿಯ ಬೆಲೆಯನ್ನು ತೀರ್ಮಾನಿಸುವುದಿಲ್ಲ. ದೇವಾಲಯ ಕಟ್ಟಿಸಿದ ಅರಸನ ಕೀರ್ತಿಯ ಹಂಬಲದಿಂದ ಶಿಲ್ಪಿಯ ಕೆಲಸ ಕೀಳಾಗುವುದಿಲ್ಲ. ತಡವಾಗಿ ಬಂದ ಭಾಗವನ್ನು ಅಳೆಯಲು ಬೇರೆಯೇ ಅಳತೆಗೋಲು ಬೇಕು: ಹಿಂದಿನ ಭಾಗಗಳು ಕೇಳದೆ ಬಿಟ್ಟ ಪ್ರಶ್ನೆಯನ್ನು ಅದು ಪ್ರಾಮಾಣಿಕವಾಗಿ ಕೇಳಿದೆಯೇ, ಇಲ್ಲ ಹಳೆಯ ನೆನಪನ್ನು ಮತ್ತೆ ಮಾರಿದೆಯೇ? ಮೂರು ಚಿತ್ರಗಳು ಗೊಂಬೆಯ ಬಾಳನ್ನು ಮಗುವಿನ ಕಡೆಯಿಂದಲೇ ಅಳೆದಿದ್ದವು. ಮಗು ಬೇಡವೆಂದ ಮೇಲೂ ಗೊಂಬೆಯ ಬಾಳಿಗೆ ಅರ್ಥವಿದೆಯೇ ಎಂದು ಮನಸ್ಸಿಟ್ಟು ಕೇಳಿದ್ದು ನಾಲ್ಕನೆಯದು. ಐದನೆಯದೂ ಮುಂದೆ ಬರುವುದೆಲ್ಲವೂ ಇದೇ ಅಳತೆಗೆ ನಿಲ್ಲಬೇಕು, ನಿಲ್ಲದಿದ್ದರೆ ತಿರಸ್ಕರಿಸುವ ಹಕ್ಕು ಪ್ರೇಕ್ಷಕರಿಗೆ ಖಂಡಿತ ಇದೆ.

ಆದರೆ ಪ್ರೀತಿಸಿದವರ ಹಕ್ಕು ಅಲ್ಲಿಗೆ ನಿಲ್ಲುತ್ತದೆ. ಪ್ರಾಮಾಣಿಕವಾಗಿರು ಎಂದು ಕಥೆಯನ್ನು ಕೇಳಬಹುದು, ಬದಲಾಗಬೇಡ ಎಂದು ಕೇಳಲಾಗದು. ಮಕ್ಕಳ ಬಗ್ಗೆ, ಶಿಷ್ಯರ ಬಗ್ಗೆ, ನಾವು ಕಟ್ಟಿದ ಸಂಸ್ಥೆಗಳ ಬಗ್ಗೆ ಈ ಮಾತನ್ನು ಬಾಯಲ್ಲಿ ಎಲ್ಲರೂ ಒಪ್ಪುತ್ತೇವೆ, ನಡೆಯಲ್ಲಿ ತೋರಿಸುವವರು ವಿರಳ. ನಮಗೆ ಬೇಕಾದವರು ನಮ್ಮನ್ನು ಮೀರಿ ನಡೆದಾಗ ಅದನ್ನು ದ್ರೋಹವೆಂದು ಕರೆಯದೆ ಇರುವುದು ಪ್ರೀತಿಯ ಕಠಿಣವಾದ ಅಭ್ಯಾಸ. ವುಡಿಯ ನಿರ್ಗಮನ ಆ ಅಭ್ಯಾಸವನ್ನು ಕೋಟ್ಯಂತರ ಜನರಿಂದ ಒಟ್ಟಿಗೇ ಕೇಳಿತು. ಅದಕ್ಕೇ ಅದು ಅಷ್ಟೊಂದು ನೋಯಿಸಿತು, ಮತ್ತು ಅದಕ್ಕೇ ಆ ಚಿತ್ರ ಬಂದದ್ದು ಒಳ್ಳೆಯದಾಯಿತು.