ಮಸೀದಿ ಉಳಿಯಿತು, ಓಣಿ ಹೋಯಿತು

ದಕ್ಷಿಣ ಆಫ್ರಿಕಾದ ಕೇಪ್‌ಟೌನಿನಲ್ಲಿ ಡಿಸ್ಟ್ರಿಕ್ಟ್ ಸಿಕ್ಸ್ ಎಂಬ ಬಡಾವಣೆಯಿತ್ತು. ಗ್ರೆಗ್ವಾರ್ ಬೂನ್‌ಜಾಯರ್‌ರಂಥ ಕಲಾವಿದರು ಅದರ ಬೀದಿಗಳನ್ನು ಪದೇ ಪದೇ ಬಿಡಿಸಿದರು. ಅಲ್ಲಿನ ಮಸೀದಿಯನ್ನು ಬಿಡಿಸಲು ಕೂತವರು ಮಸೀದಿಯೊಂದನ್ನೇ ಬಿಡಿಸಿ ಏಳುವಂತಿರಲಿಲ್ಲ. ಗೋಡೆಗೆ ಗೋಡೆ ತಾಗಿದ ಓಣಿ ಅದು. ಮಿನಾರಿನ ಜೊತೆಗೆ ಯಾರದೋ ಸೂರು, ಬಣ್ಣ ಉದುರಿದ ಗೋಡೆ, ಒಣಹಾಕಿದ ಬಟ್ಟೆ, ಹಿಂದೆ ಡೆವಿಲ್ಸ್ ಪೀಕ್ ಬೆಟ್ಟ, ಎಲ್ಲವೂ ಚಿತ್ರದೊಳಗೆ ಬರಲೇಬೇಕು.

ಇಂಥ ಚಿತ್ರದ ಮುಂದೆ ಮನಸ್ಸು ಸಲೀಸಾಗಿ ಹೇಳಿಬಿಡುತ್ತದೆ: ಕಟ್ಟಿದ್ದೆಲ್ಲ ಬೀಳುತ್ತದೆ, ಬಣ್ಣವಷ್ಟೇ ಉಳಿಯುತ್ತದೆ. ಇಲ್ಲಿ ಹಾಗಾಗಲಿಲ್ಲ. 1966ರ ಫೆಬ್ರವರಿ 11ರಂದು ವರ್ಣಭೇದ ಸರ್ಕಾರ ಈ ಪ್ರದೇಶ ಬಿಳಿಯರಿಗೆ ಮೀಸಲೆಂದು ಘೋಷಿಸಿತು. ಮಲಯ ಮೂಲದ ಮುಸ್ಲಿಮರು, ಆಫ್ರಿಕನ್ನರು, ಭಾರತೀಯರು, ಯಹೂದಿಗಳು ಒಟ್ಟಿಗೆ ಬಾಳಿದ್ದ ನೆಲದಿಂದ 60,000ಕ್ಕೂ ಹೆಚ್ಚು ಜನರನ್ನು ಒಕ್ಕಲೆಬ್ಬಿಸಿ, ಬಹುಪಾಲು ಮಂದಿಯನ್ನು ದೂರದ ಕೇಪ್ ಫ್ಲಾಟ್ಸ್‌ನ ಮರಳುಬಯಲಿಗೆ ಸಾಗಹಾಕಿತು. ಮನೆಗಳ ಮೇಲೆ ಬುಲ್ಡೋಜರ್ ಹರಿಯಿತು. ಹಲವು ಮಸೀದಿ, ಚರ್ಚುಗಳನ್ನು ಮಾತ್ರ ಮುಟ್ಟಲಿಲ್ಲ. ಮ್ಯೂರ್ ಸ್ಟ್ರೀಟಿನ ಜೀನತುಲ್ ಇಸ್ಲಾಂ ಮಸೀದಿ ಇವತ್ತಿಗೂ ನಿಂತಿದೆ. ಚಿತ್ರಕಾರನ ಕುಂಚ ಹಾದುಹೋಗುತ್ತ ಮುಟ್ಟಿದ ಆಸುಪಾಸು ಇಲ್ಲವಾಯಿತು. ಆಜಾನ್ ಮನೆಯೊಳಗೇ ಕೇಳಿಸುತ್ತಿದ್ದವರು ಶುಕ್ರವಾರದ ನಮಾಜಿಗೆ ಊರಾಚೆಯಿಂದ ಬರಬೇಕಾಯಿತು. ತೆರವಾದ ಜಾಗದ ಬಹುಭಾಗ ದಶಕಗಟ್ಟಲೆ ಹುಲ್ಲು ಬೆಳೆದು ಪಾಳುಬಿತ್ತು. ಯಾರಿಗಾಗಿ ಕೆಡವಿದರೋ ಅವರೂ ಅಲ್ಲಿ ಊರು ಕಟ್ಟಲಿಲ್ಲ.

ಮಳೆಗೆ ಗೋಡೆ ಕುಸಿಯುವುದು, ಮುಪ್ಪಿಗೆ ಮೈ ಬಾಗುವುದು ಕಾಲಧರ್ಮ. ಅದಕ್ಕೆ ತಲೆಬಾಗೋಣ. ಆದರೆ ಸರ್ಕಾರಿ ಆದೇಶಕ್ಕೆ ತಾರೀಖಿದೆ, ಸಹಿಯಿದೆ. ಅದನ್ನೂ ಕಾಲದ ಲೆಕ್ಕಕ್ಕೆ ಬರೆದರೆ ಸಹಿ ಹಾಕಿದವರು ಪಾರಾಗುತ್ತಾರೆ. ಎಲ್ಲವೂ ಅನಿತ್ಯವೆಂಬ ತಿಳಿವು ಮನೆ ಕಳೆದುಕೊಂಡವರಿಗೆ ಸಮಾಧಾನ ತರಬಹುದು. ಕೆಡವಿದವರಿಗೆ ಅದು ಆಸರೆಯಾಗಬಾರದು.

ತಾನಾಗಿ ಅಳಿಯುವ ಮನೆ ಒಮ್ಮೆಗೇ ಅಳಿಯುವುದಿಲ್ಲ. ಮಾಡು ರಿಪೇರಿಯಾಗುತ್ತದೆ, ಹೊಸ ಕೋಣೆ ಏಳುತ್ತದೆ, ಹಳೆಯ ಬಾಗಿಲು ಹೋಗುತ್ತದೆ. ಮೊಮ್ಮಕ್ಕಳ ಕಾಲಕ್ಕೆ ಅದು ಅಜ್ಜ ಕಟ್ಟಿದ ಮನೆಯಾಗಿ ಉಳಿದಿರುವುದಿಲ್ಲ. ಆದರೂ ಕಳೆದುಕೊಂಡೆವೆಂದು ಯಾರಿಗೂ ಅನ್ನಿಸುವುದಿಲ್ಲ. ಡಿಸ್ಟ್ರಿಕ್ಟ್ ಸಿಕ್ಸ್‌ನವರಿಂದ ಈ ನಿಧಾನದ ಅಳಿವನ್ನೂ ಕಸಿದುಕೊಂಡರು.

ಅಲ್ಲಿನ ಹಳೆಯ ಮೆಥಡಿಸ್ಟ್ ಚರ್ಚೊಂದರಲ್ಲಿ 1994ರಲ್ಲಿ ಡಿಸ್ಟ್ರಿಕ್ಟ್ ಸಿಕ್ಸ್ ಮ್ಯೂಸಿಯಂ ತೆರೆಯಿತು. ನೆಲದ ತುಂಬ ಬಡಾವಣೆಯ ನಕ್ಷೆ. ಒಕ್ಕಲೆದ್ದು ಹೋದವರು ಬಂದು, ತಮ್ಮ ಮನೆಯಿದ್ದ ಜಾಗ ಹುಡುಕಿ ಅದರ ಮೇಲೆ ಹೆಸರು ಬರೆದರು. ಯಾರ ಗೋಡೆಗೆ ಯಾರ ಗೋಡೆ, ಯಾವ ತಿರುವಿಗೆ ಯಾರ ಅಂಗಡಿ ಎಂಬುದು ಅವರಿಗೆ ಬೇಕಿತ್ತು. ಮಸೀದಿಯ ಚಿತ್ರದಲ್ಲೂ ಅವರ ಕಣ್ಣು ಮೊದಲು ಅಂಚಿಗೇ ಹೋಗುತ್ತದೆಂದು ನನ್ನ ನಂಬಿಕೆ.

2004ರ ಫೆಬ್ರವರಿ 11ರಂದು ಒಕ್ಕಲೆದ್ದು ಹೋದವರಲ್ಲಿ ಮೊದಲ ಬಾರಿಗೆ ಇಬ್ಬರ ಕೈಗೆ ಅಲ್ಲಿನ ಹೊಸ ಮನೆಗಳ ಕೀಲಿಕೈ ಬಂತು. ಇಬ್ಬರಿಗೂ ವಯಸ್ಸು 80 ದಾಟಿತ್ತು. ಮರಳಲು ಅರ್ಜಿ ಹಾಕಿದ ಇನ್ನೂ ಎಷ್ಟೋ ಮಂದಿ ಕಾಯುತ್ತಲೇ ತೀರಿಕೊಂಡರು.