ಎದೆ ಏಳುವುದು

ಉಸಿರಾಟ ನಾವು ಮಾಡುವ ಕೆಲಸವೋ, ನಮ್ಮಲ್ಲಿ ತಾನಾಗಿ ನಡೆಯುವ ಸಂಗತಿಯೋ? ಹೃದಯದ ವಿಷಯದಲ್ಲಿ ಈ ಸಂಶಯವಿಲ್ಲ. ಅದು ನಮ್ಮ ಮಾತು ಕೇಳುವುದಿಲ್ಲ. ಕೈಕಾಲುಗಳು ಬಹುಮಟ್ಟಿಗೆ ಕೇಳುತ್ತವೆ. ಉಸಿರು ಮಾತ್ರ ಎರಡು ಮನೆಯ ನೆಂಟ. ಬೇಕೆಂದಾಗ ಹಿಡಿಯಬಹುದು, ನೀಳವಾಗಿ ಬಿಡಬಹುದು, ಹಾಡಿಗೂ ಬೈಗುಳಕ್ಕೂ ಬಳಸಬಹುದು. ಆದರೆ ಹಟದಿಂದ ಉಸಿರು ಕಟ್ಟಿ ಕುಳಿತವನ ಗತಿಯೇನು? ರಕ್ತದಲ್ಲಿ ಇಂಗಾಲಾಮ್ಲ ಏರುತ್ತ ಹೋದಂತೆ ಮೆದುಳಿನ ಬುಡದಲ್ಲಿರುವ ನರಕೇಂದ್ರ ಅವನ ಹಟ ಮುರಿದು ಬಾಯಿ ತೆರೆಸುತ್ತದೆ. ಆ ಕೇಂದ್ರವನ್ನು ಮುಖ್ಯವಾಗಿ ಕೆರಳಿಸುವುದು ಆಮ್ಲಜನಕದ ಕೊರತೆಯಲ್ಲ, ಹೊರಹಾಕಬೇಕಾದ ಕಸದ ಹೆಚ್ಚಳ ಎಂಬುದು ಸೋಜಿಗ.

ಈ ಪ್ರಶ್ನೆ ನನಗೆ ಪುಸ್ತಕದಿಂದ ಬಂದದ್ದಲ್ಲ. ಕೆಲವು ವರ್ಷಗಳ ಹಿಂದೆ ನಮ್ಮಣ್ಣ ಮೆದುಳಿನಲ್ಲಿ ರಕ್ತಸ್ರಾವವಾಗಿ ಆಸ್ಪತ್ರೆ ಸೇರಿದರು. ಹನ್ನೊಂದು ದಿನ ಯಂತ್ರವೇ ಅವರಿಗೆ ಉಸಿರು ಕೊಟ್ಟಿತು. ಇನ್ನು ಎಚ್ಚರ ಮರಳುವ ಆಸೆಯಿಲ್ಲವೆಂದು ವೈದ್ಯರು ಮೃದುವಾಗಿಯೇ ತಿಳಿಸಿ, ಮುಂದೇನು ಮಾಡೋಣವೆಂದು ನಮ್ಮನ್ನು ಕೇಳಿದರು. ಅತ್ತಿಗೆ ಗಾಜಿನ ಬಾಗಿಲಿನತ್ತ ಬೆರಳು ತೋರಿಸಿ, “ಉಸಿರಾಡ್ತಾ ಇದಾರಲ್ಲೋ! ಎದೆ ಏಳ್ತಾ ಇದೆ ನೋಡು” ಎಂದರು. ನಾನು ಮಾತಾಡಲಿಲ್ಲ.

ಅತ್ತಿಗೆಯ ಮಾತಿಗೆ ಶರೀರಶಾಸ್ತ್ರದಲ್ಲಿ ಒಂದು ಉತ್ತರವಿದೆ. ಮೂಗಿನಿಂದ ಹೊರಟ ದಾರಿ ಗಂಟಲು ದಾಟಿ, ಶ್ವಾಸನಾಳವಾಗಿ, ಅಲ್ಲಿಂದ ಕವಲಿಗೆ ಕವಲೊಡೆದು, ಸುಮಾರು 23 ಕವಲುಗಳಾದ ಮೇಲೆ ಗಾಳಿಗೂಡುಗಳಲ್ಲಿ ಮುಗಿಯುತ್ತದೆ. ಇಂಥ ಗೂಡುಗಳು ಮೂವತ್ತರಿಂದ ಐವತ್ತು ಕೋಟಿ. ಬಿಡಿಸಿ ಹರಡಿದರೆ ಸುಮಾರು 70 ಚದರ ಮೀಟರು, ಅಂದರೆ ನಮ್ಮಂಥವರ ಒಂದು ಸಣ್ಣ ಮನೆಯ ನೆಲದಷ್ಟು. ಇಷ್ಟೆಲ್ಲ ವೈಭವವಿದ್ದರೂ ಶ್ವಾಸಕೋಶಕ್ಕೆ ತಾನಾಗಿ ಹಿಗ್ಗುವ ಶಕ್ತಿಯಿಲ್ಲ. ಎದೆಗೂ ಹೊಟ್ಟೆಗೂ ನಡುವೆ ವಪೆ ಎಂಬ ಸ್ನಾಯುವಿನ ತೆರೆಯಿದೆ. ಅದು ಕೆಳಗಿಳಿದು, ಪಕ್ಕೆಲುಬುಗಳು ಮೇಲೆದ್ದು, ಎದೆಗೂಡು ದೊಡ್ಡದಾಗಿ, ಒಳಗಿನ ಒತ್ತಡ ಕುಗ್ಗಿದಾಗ ಅರ್ಧ ಲೀಟರಿನಷ್ಟು ಗಾಳಿ ನುಗ್ಗುತ್ತದೆ. ಗಾಳಿ ಬಂದದ್ದರಿಂದ ಎದೆ ಏಳುವುದಲ್ಲ. ಎದೆ ಎದ್ದದ್ದರಿಂದ ಗಾಳಿ ಬರುತ್ತದೆ. ಆಸ್ಪತ್ರೆಯ ಯಂತ್ರ ಇದನ್ನು ತಿರುವುಮುರುವು ಮಾಡಿ, ಗಾಳಿಯನ್ನು ಒಳಗೆ ನೂಕಿ ಎದೆಯನ್ನು ಏಳಿಸುತ್ತದೆ. ಅತ್ತಿಗೆ ಕಂಡದ್ದು ಅಣ್ಣನ ಉಸಿರಲ್ಲ, ಯಂತ್ರದ ಉಸಿರು ಎಂದಾಯಿತು.

ಈ ಉತ್ತರದಿಂದ ನನಗೆ ಕೆಲವು ದಿನ ಸಮಾಧಾನವಿತ್ತು. ಆಮೇಲೆ 1952ರ ಕೋಪನ್‌ಹೇಗನ್ನಿನ ಸಂಗತಿಯನ್ನು ಓದಿದೆ, ಸಮಾಧಾನ ಉಳಿಯಲಿಲ್ಲ. ಆ ವರ್ಷ ಅಲ್ಲಿ ಪೋಲಿಯೋ ಹಬ್ಬಿತು. ಬ್ಲೆಗ್ಡಾಮ್ ಆಸ್ಪತ್ರೆಯಲ್ಲಿ ಆಗ ಇದ್ದದ್ದು ಒಂದು ಕಬ್ಬಿಣದ ಶ್ವಾಸಕೋಶ ಮತ್ತು ಎದೆಗೆ ಕಟ್ಟುವ ಕೆಲವು ಯಂತ್ರಗಳು. ಅವುಗಳ ಆಸರೆಯಲ್ಲಿಟ್ಟ ಮೊದಲ 31 ಮಂದಿಯಲ್ಲಿ 27 ಮಂದಿ ತೀರಿಕೊಂಡರು. ಅರಿವಳಿಕೆ ತಜ್ಞರಾಗಿದ್ದ ಬ್ಯೋರ್ನ್ ಇಬ್ಸೆನ್ ಎಂಬವರು ಆಗಸ್ಟಿನಲ್ಲಿ ಹನ್ನೆರಡು ವರ್ಷದ ಹುಡುಗಿಯೊಬ್ಬಳ ಶ್ವಾಸನಾಳಕ್ಕೆ ತೂತು ಮಾಡಿಸಿ, ಕೊಳವೆ ಹಾಕಿ, ರಬ್ಬರಿನ ಚೀಲವನ್ನು ಕೈಯಿಂದ ಹಿಸುಕಿ ಉಸಿರು ಕೊಟ್ಟರು. ಹುಡುಗಿ ಬದುಕಿದಳು. ಬಳಿಕ ಸುಮಾರು ಸಾವಿರದ ಐನೂರು ವಿದ್ಯಾರ್ಥಿಗಳು ಪಾಳಿಯ ಮೇಲೆ ಹಗಲೂ ರಾತ್ರಿ ಮಂಚಗಳ ಪಕ್ಕದಲ್ಲಿ ಕುಳಿತು ಚೀಲ ಹಿಸುಕಿದರು. ಸಾವಿನ ಪ್ರಮಾಣ ಅರ್ಧಕ್ಕಿಂತ ಕೆಳಗೆ ಇಳಿಯಿತು.

ಅಲ್ಲಿಯೂ ಗಾಳಿಯನ್ನು ಹೊರಗಿನಿಂದಲೇ ನೂಕುತ್ತಿದ್ದರಲ್ಲವೆ? ಎದೆಗಳನ್ನು ಏಳಿಸುತ್ತಿದ್ದುದು ಪರರ ಕೈಗಳೇ ಅಲ್ಲವೆ? ಆದರೂ ಆ ಮಕ್ಕಳ ಉಸಿರು ಅವರದಲ್ಲವೆಂದು ಯಾರು ಹೇಳಿಯಾರು? ನಡುರಾತ್ರಿ ತೂಕಡಿಸಿ ಕೈಬಿಟ್ಟ ವಿದ್ಯಾರ್ಥಿಯನ್ನು ‘ಹೇಗೂ ಅದು ಚೀಲದ ಉಸಿರು’ ಎಂದು ಕ್ಷಮಿಸಲಾದೀತೆ? ಹಾಗಾದರೆ ಉಸಿರು ಯಾರದೆಂಬುದನ್ನು ವಪೆಯನ್ನು ಕೇಳಿ ತೀರ್ಮಾನಿಸುವಂತಿಲ್ಲ. ನಾನು ನಂಬಿದ್ದ ಉತ್ತರ ಜಾಣತನದ್ದು, ಅಷ್ಟೆ. ಕೋಪನ್‌ಹೇಗನ್ನಿನ ಮಕ್ಕಳಲ್ಲಿ ಸ್ನಾಯು ಸೋತಿತ್ತು, ಮನಸ್ಸು ಎಚ್ಚರವಾಗಿತ್ತು. ಚೀಲ ಹಿಸುಕುತ್ತಿದ್ದವನ ಮುಖವನ್ನು ಅವರು ನೋಡಬಲ್ಲವರಾಗಿದ್ದರು. ಅಣ್ಣನಲ್ಲಿ ಹಾಗೆ ನೋಡುವವರೇ ಇರಲಿಲ್ಲ. ಇದ್ದರೇನೋ ಎಂಬ ಶಂಕೆ ಅತ್ತಿಗೆಗಿತ್ತು. ಅದನ್ನು ಅಜ್ಞಾನವೆಂದು ಕರೆಯುವ ಧೈರ್ಯ ನನಗಿಲ್ಲ.

ಹನ್ನೆರಡನೆಯ ದಿನ ಅಣ್ಣನ ಹೃದಯವೇ ನಿಂತಿತು. ನಾವು ತೀರ್ಮಾನಿಸಬೇಕಾಗಿ ಬರಲಿಲ್ಲ. ನರ್ಸ್ ಬಂದು ಯಂತ್ರವನ್ನು ಆರಿಸುವವರೆಗೆ ಎದೆ ಇನ್ನೂ ನಾಲ್ಕಾರು ಸಲ ಎದ್ದಿತು. ಅತ್ತಿಗೆ ಅದನ್ನೇ ನೋಡುತ್ತ ನಿಂತಿದ್ದರು.

ಚೇತರಿಕೆಯ ಆಸೆಯಿಲ್ಲದವರಿಗೆ ಇಂಥ ಆಸರೆ ಬೇಡವೆಂದು ಮೊದಲೇ ಬರೆದಿಡಬಹುದೆಂದು ಸುಪ್ರೀಂ ಕೋರ್ಟು 2018ರ ಮಾರ್ಚಿಯಲ್ಲಿ ಒಪ್ಪಿತು. 2023ರಲ್ಲಿ ಅದರ ವಿಧಾನವನ್ನು ಸ್ವಲ್ಪ ಸುಲಭ ಮಾಡಿತು. 2025ರ ಜನವರಿಯಲ್ಲಿ ಕರ್ನಾಟಕ ಸರ್ಕಾರವೂ ಇದನ್ನು ಜಾರಿಗೆ ತರಲು ಆದೇಶ ಹೊರಡಿಸಿತು. ವೈದ್ಯರ ಎರಡು ಮಂಡಳಿಗಳು ಒಪ್ಪಬೇಕು, ಹತ್ತಿರದವರೂ ಒಪ್ಪಬೇಕು. ವಿವೇಕದ ಏರ್ಪಾಡೇ ಸರಿ. ನಾನೂ ಒಂದು ಕಾಗದ ಬರೆದಿದ್ದೇನೆ. ಸಾಕ್ಷಿಗಳಿಬ್ಬರೂ ಸಿದ್ಧರಿದ್ದಾರೆ. ನನ್ನ ಪರವಾಗಿ ಮಾತಾಡಬೇಕಾದವರ ಹೆಸರಿಗೆ ಬಿಟ್ಟ ಜಾಗ ಮಾತ್ರ ಖಾಲಿಯಿದೆ. ಮಗನ ಹೆಸರು ಬರೆಯುವುದೇ ಸಹಜ. ಬರೆಯಲು ಕುಳಿತಾಗಲೆಲ್ಲ ಆ ಗಾಜಿನ ಬಾಗಿಲ ಮುಂದೆ ಅವನು ನಿಂತಿರುವುದು ಕಣ್ಣಿಗೆ ಕಟ್ಟುತ್ತದೆ, ಪೆನ್ನು ಮುಚ್ಚಿಡುತ್ತೇನೆ.