ಕೈತಪ್ಪೂ ಮರೆಮಾಚುವಿಕೆಯೂ



ಕೇಡನ್ನು ಬಗೆಯದೆ ಮಾಡಿದ ತಪ್ಪಿಗೆ ಮನುಷ್ಯನು ಎಷ್ಟರಮಟ್ಟಿಗೆ ಹೊಣೆಗಾರನು? ವೈದ್ಯರ ಕಾಯಕದಲ್ಲಿ ಈ ಪ್ರಶ್ನೆಯು ಪ್ರಾಣದ ಪ್ರಶ್ನೆಯೇ ಆಗುವುದು.

1964ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಮುಗಿದ ಬಳಿಕ ತುಮರಿಯ ಸೀಮೆಯನ್ನು ಶರಾವತಿಯ ಹಿನ್ನೀರು ಸುತ್ತುವರಿಯಿತು. ಹೆರಿಗೆಯ ಬೇನೆಯಲ್ಲಿರುವ ಹೆಣ್ಣುಮಗಳನ್ನೂ ಲಾಂಚಿನಲ್ಲಿ ದಾಟಿಸಿ ಸಾಗರಕ್ಕೆ ಒಯ್ಯಬೇಕಾಗಿದ್ದಿತು. 2025ರ ಜುಲೈ 14ರಂದು ಅಂಬಾರಗೋಡ್ಲು-ಕಳಸವಳ್ಳಿ ಸೇತುವೆ ತೆರೆಯಿತು. ಆ ಸಂಕಟ ನೀಗಿತು. ಆದರೆ ಆಸ್ಪತ್ರೆಯನ್ನು ಸೇರಿದ ಮೇಲೆ ಆ ತಾಯಿ ತನ್ನ ಒಡಲನ್ನು ಪರರ ಕೈಗೆ ಒಪ್ಪಿಸಲೇಬೇಕು. ಅರಿವಳಿಕೆಯೆಂದರೆ ಅರಿವನ್ನು ಅಳಿಸುವುದು. ರೋಗಿಯ ಅರಿವು ಅಳಿದೆಡೆಯಲ್ಲಿ ವೈದ್ಯನ ಅರಿವೊಂದೇ ಕಾವಲು.

ಆ ಕಾವಲೂ ಒಮ್ಮೊಮ್ಮೆ ತಪ್ಪುವುದುಂಟು. ಸಿಸೇರಿಯನ್ ಹೆರಿಗೆಯಲ್ಲಿ ಸೊಂಟದ ಕೆಳಗೆ ಜೋಮು ಹಿಡಿಸಲು ಬುಪಿವಕೇನ್ ಎಂಬ ಮದ್ದನ್ನು ಬೆನ್ನಿಗೆ ಚುಚ್ಚುವರು. ರಕ್ತಸ್ರಾವವನ್ನು ತಡೆಯಲು ನರಕ್ಕೆ ಕೊಡತಕ್ಕ ಟ್ರಾನೆಕ್ಸಾಮಿಕ್ ಆಮ್ಲವು ಬೇರೆಯೇ ಮದ್ದು. ಎರಡರ ಗಾಜಿನ ಸೀಸೆಗಳೂ ಒಂದನ್ನೊಂದು ಹೋಲುವುದುಂಟು. ಎರಡನೆಯದು ಬೆನ್ನಿಗೆ ಹೋದರೆ ಅಪಸ್ಮಾರದಂತಹ ಸೆಳೆತವೂ ಹೃದಯದ ಲಯಭಂಗವೂ ಉಂಟಾಗಿ ಪ್ರಾಣವೇ ಹೋಗಬಹುದು. ಇಂತಹ ಪ್ರಮಾದಗಳನ್ನು ಕಂಡೇ ವಿಶ್ವ ಆರೋಗ್ಯ ಸಂಸ್ಥೆಯು 2022ರಲ್ಲಿ ಎಚ್ಚರಿಕೆಯನ್ನಿತ್ತು, ಆ ಮದ್ದನ್ನು ಅರಿವಳಿಕೆಯ ಮದ್ದುಗಳಿಂದ ದೂರವಿರಿಸಬೇಕೆಂದಿತು.

ಇಲ್ಲಿ ಎರಡು ದೋಷಗಳನ್ನು ಬೇರ್ಪಡಿಸಿ ನೋಡಬೇಕು. ಮೊದಲನೆಯದು ಕೈತಪ್ಪು. ಅದರಲ್ಲಿ ವೈದ್ಯನ ಅನವಧಾನದ ಪಾಲೂ ಉಂಟು, ಸೀಸೆಗಳನ್ನು ಒತ್ತಟ್ಟಿಗೆ ಇಟ್ಟ ವ್ಯವಸ್ಥೆಯ ಪಾಲೂ ಉಂಟು. ಎರಡನೆಯದು ಮರೆಮಾಚುವಿಕೆ. ಇದು ತಿಳಿದು ಮಾಡುವ ದೋಷ. ಇದರ ಹೊಣೆಯನ್ನು ಮತ್ತೊಬ್ಬರ ಮೇಲೆ ಹೊರಿಸಲಾಗದು. ಒಪ್ಪಿಕೊಂಡ ತಪ್ಪಿನಿಂದ ಮುಂದಿನ ತಾಯಿ ಬದುಕುವಳು. ಮುಚ್ಚಿಟ್ಟ ತಪ್ಪು ಅವಳಿಗಾಗಿ ಅಲ್ಲಿಯೇ ಕಾದಿರುವುದು.

"ಹಾಗಾದರೆ ಹೆಂಡತಿಯನ್ನು ಕಳೆದುಕೊಂಡವನಿಗೆ ನ್ಯಾಯವೆಲ್ಲಿ?" ಎಂದು ಕೇಳುವಿರಿ. ಕೇಳತಕ್ಕ ಮಾತೇ ಅದು. 2005ರಲ್ಲಿ ಜೇಕಬ್ ಮ್ಯಾಥ್ಯೂ ಪ್ರಕರಣದಲ್ಲಿ ನಮ್ಮ ಸರ್ವೋಚ್ಚ ನ್ಯಾಯಾಲಯವು, ವೈದ್ಯನನ್ನು ಅಪರಾಧಿಯೆನ್ನಲು ಅವನ ಅಲಕ್ಷ್ಯವು ಘೋರವಾದುದಾಗಿರಬೇಕೆಂದು ತೀರ್ಪಿತ್ತಿತು. ಪರಿಹಾರವನ್ನು ಕೇಳುವ ಹಕ್ಕನ್ನು ಅದು ಕಸಿಯಲಿಲ್ಲ. ಆದರೆ ಆ ಮನೆಗೆ ಮೊದಲು ಸಲ್ಲಬೇಕಾದುದು ಸತ್ಯ. ಏನಾಯಿತೆಂಬುದನ್ನು ವೈದ್ಯನು ತಾನಾಗಿ ಎದುರು ಕುಳಿತು ಹೇಳಬೇಕು.

ಹೇಳಿದವನನ್ನು ಹೊಡೆಯಲು ಕೈಯೆತ್ತುವ ಊರಿನಲ್ಲಿ ಸತ್ಯ ಹೊರಬರುವುದೆಂತು? ವೈದ್ಯನಿಂದ ಸತ್ಯವನ್ನು ಬೇಡುವ ನಾವು ಅದನ್ನು ಕೇಳಿಕೊಳ್ಳುವ ಸೈರಣೆಯನ್ನೂ ಗಳಿಸಬೇಕು. ಅವನ ಎಚ್ಚರದಷ್ಟೇ ನಮ್ಮ ಸೈರಣೆಯೂ ಆ ತಾಯಿಯ ಕಾವಲು.